ಬ್ರಿಟನ್ನಿನ ಇಪ್ಪತ್ತನಾಲ್ಕು ಪ್ರಶ್ನೆಗಳು, ಬೆಜವಾಡದ ಒಂದು ಪ್ರಶ್ನೆ
ಮಕ್ಕಳು ವಿಲಾಯಿತಿ ಪೌರತ್ವಕ್ಕೆ ಓದುತ್ತಿರುವಾಗ ಹೆತ್ತವರು ತಿಳಿದಿರಬೇಕಾದ ಸಂಗತಿಗಳು

ವಿಶಾಖಪಟ್ಟಣ: ವಿಜಯವಾಡದಲ್ಲಿರುವ ನನ್ನ ಅಕ್ಕ ರಾತ್ರಿ ಒಂಬತ್ತರ ಮೇಲೆ ಯಾರಿಗೂ ಫೋನು ಮಾಡುವವಳಲ್ಲ. ಅವತ್ತು ಮಾಡಿದ್ದಳು. "ತಮ್ಮಾ, ಹುಡುಗ ಅಲ್ಲಿ ಅದೇನೋ ಪರೀಕ್ಷೆ ಬರೀತಾನಂತೆ. ಪಾಸಾದ್ರೆ ನಮ್ಮ ದೇಶದ ಪಾಸ್‌ಪೋರ್ಟು ವಾಪಸ್ ಕೊಟ್ಟುಬಿಡಬೇಕಂತಲ್ಲ, ನಿಜಾನಾ?" ಎಂದಳು. ನಿಜ ಎಂದೆ. ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ, "ಹಂಗಾದ್ರೆ ಅವನು ನಮ್ಮೋನಲ್ಲ ಅಂತಾಯ್ತಾ?" ಎಂದು ಕೇಳಿದಳು.

ಈ ಪ್ರಶ್ನೆಗೆ ಫೋನಿನಲ್ಲಿ ಉತ್ತರ ಹೇಳುವುದು ಆಗಲಿಲ್ಲ. ಮುಂದಿನ ಭಾನುವಾರ ಮಧ್ಯಾಹ್ನದ ರತ್ನಾಚಲ್ ಎಕ್ಸ್‌ಪ್ರೆಸ್ ಹಿಡಿದು ಬೆಜವಾಡಕ್ಕೆ ಹೊರಟೆ. ಚೀಲದಲ್ಲಿ ಅಳಿಯನೇ ಕಳಿಸಿದ್ದ ಟಿಪ್ಪಣಿಗಳ ಕಟ್ಟು ಇತ್ತು. ದಾರಿಯುದ್ದಕ್ಕೂ ಓದಿದೆ. ನಮ್ಮ ಸಂಘದ ಸದಸ್ಯರಲ್ಲಿ ಅನೇಕರ ಮಕ್ಕಳು ಈಗ ಇಂಗ್ಲೆಂಡಿನಲ್ಲಿದ್ದಾರೆ. ಡಾಕ್ಟರು, ನರ್ಸು, ಸಾಫ್ಟ್‌ವೇರ್ ಎಂಜಿನಿಯರು, ಹೀಗೆ. ಅಕ್ಕ ಕೇಳಿದ್ದನ್ನೇ ಇನ್ನೂ ಹಲವು ಮನೆಗಳಲ್ಲಿ ಕೇಳುತ್ತಿರಬಹುದು. ಆದ್ದರಿಂದ ನಾನು ತಿಳಿದುಕೊಂಡದ್ದನ್ನು ಎಲ್ಲರ ಉಪಯೋಗಕ್ಕೆಂದು ಇಲ್ಲಿ ಬರೆಯುತ್ತಿದ್ದೇನೆ.

ಪರೀಕ್ಷೆ ಎಂದರೆ ಏನು?

'ಲೈಫ್ ಇನ್ ದಿ ಯು.ಕೆ.' ಎಂಬುದು ಈ ಪರೀಕ್ಷೆಯ ಹೆಸರು. ಬ್ರಿಟನ್ನಿನ ಪೌರತ್ವ ಬೇಡುವವರಿಗೆ ಇದು ಕಡ್ಡಾಯವಾದದ್ದು 2005ರ ನವೆಂಬರ್ 1ರಿಂದ, ಅಂದರೆ ನಾವಿಲ್ಲಿ ರಾಜ್ಯೋತ್ಸವ ಆಚರಿಸುವ ದಿನವೇ. 2007ರ ಏಪ್ರಿಲ್‌ನಿಂದ ಅಲ್ಲಿ ಕಾಯಂ ನೆಲೆಸಲು ಅನುಮತಿ ಕೇಳುವವರಿಗೂ ಅನ್ವಯವಾಯಿತು. 45 ನಿಮಿಷ, 24 ಪ್ರಶ್ನೆ. 18 ಸರಿಯಾದರೆ ಪಾಸು. ಶುಲ್ಕ 50 ಪೌಂಡು. ಕಂಪ್ಯೂಟರಿನ ಮುಂದೆ ಕುಳಿತು ಬರೆಯುವುದು. ಹದಿನೆಂಟು ತುಂಬದವರಿಗೂ ಅರವತ್ತೈದು ದಾಟಿದವರಿಗೂ ವಿನಾಯಿತಿ ಇದೆ. ಒಮ್ಮೆ ಪಾಸಾದರೆ ಅದಕ್ಕೆ ಅವಧಿ ಮುಗಿಯುವುದಿಲ್ಲ. ಕಾಯಂ ನೆಲೆಗೆಂದು ಬರೆದದ್ದೇ ಮುಂದೆ ಪೌರತ್ವಕ್ಕೂ ಸಾಕು.

ಪ್ರಶ್ನೆಗಳೆಲ್ಲ ಸರ್ಕಾರವೇ ಹೊರತಂದಿರುವ ಒಂದು ಕೈಪಿಡಿಯಿಂದ ಬರುತ್ತವೆ. ಮೊದಲ ವರ್ಷಗಳಲ್ಲಿ ಚರಿತ್ರೆಯ ಮೇಲೆ ಪ್ರಶ್ನೆ ಇರುತ್ತಿರಲಿಲ್ಲ. 2013ರ ಮಾರ್ಚ್‌ನಿಂದ ಮೂರನೇ ಆವೃತ್ತಿ ಜಾರಿಗೆ ಬಂದ ಮೇಲೆ ಚರಿತ್ರೆಯೇ ದೊಡ್ಡ ಭಾಗವಾಯಿತು. ಅಮೆರಿಕದಲ್ಲಿ ಹುಟ್ಟಿ, ಸ್ವತಃ ಈ ಪರೀಕ್ಷೆ ಬರೆದು ಬ್ರಿಟಿಷ್ ಪೌರರಾದ ಡರ್ಹಮ್ ವಿಶ್ವವಿದ್ಯಾಲಯದ ಪ್ರಾಧ್ಯಾಪಕ ಥಾಮ್ ಬ್ರೂಕ್ಸ್ 2013ರಲ್ಲಿ ಇದನ್ನು ಹೆಂಡದಂಗಡಿಯ ಕೆಟ್ಟ ಕ್ವಿಜ್‌ಗೆ ಹೋಲಿಸಿದ್ದರು. ದಿನಬಳಕೆಗೆ ಬೇಕಾದ್ದು ಕಡಿಮೆ, ಇಸವಿಗಳ ಬಾಯಿಪಾಠ ಹೆಚ್ಚು ಎಂಬುದು ಅವರ ದೂರು.

ಇಲ್ಲೊಂದು ಎಚ್ಚರಿಕೆಯ ಮಾತು. ಪರೀಕ್ಷೆಗೆ ಹೆಸರು ನೋಂದಾಯಿಸುವಾಗ ಪಾಸ್‌ಪೋರ್ಟಿನಲ್ಲಿ ಹೇಗಿದೆಯೋ ಹಾಗೆಯೇ ಬರೆಯಬೇಕು. ನಮ್ಮವರಲ್ಲಿ ಊರಿನ ಹೆಸರು, ತಂದೆಯ ಹೆಸರು ಒಮ್ಮೆ ಇನಿಷಿಯಲ್ ಆಗಿ, ಒಮ್ಮೆ ಪೂರ್ತಿಯಾಗಿ ಇರುವುದು ಸಾಮಾನ್ಯ. ಎರಡೂ ತಾಳೆಯಾಗದಿದ್ದರೆ ಪರೀಕ್ಷೆಗೆ ಕೂರಿಸುವುದಿಲ್ಲ, ಕಟ್ಟಿದ ಹಣವೂ ಹಿಂದಿರುಗುವುದಿಲ್ಲ.

ಭಾಷಾಭಿಮಾನಿಗಳು ಗಮನಿಸಬೇಕಾದ ಒಂದು ಅಂಶವಿದೆ. ವೇಲ್ಸ್‌ನಲ್ಲಿ ಬರೆಯುವವರು ಬಯಸಿದರೆ ವೆಲ್ಷ್ ಭಾಷೆಯಲ್ಲೂ, ಸ್ಕಾಟ್ಲೆಂಡಿನಲ್ಲಿ ಬರೆಯುವವರು ಗೇಲಿಕ್ ಭಾಷೆಯಲ್ಲೂ ಈ ಪರೀಕ್ಷೆ ಬರೆಯಬಹುದು. ನಮ್ಮ ದೇಶವೂ ಈ ವಿಷಯದಲ್ಲಿ ಹಿಂದಿಲ್ಲ. ಭಾರತದ 1955ರ ಪೌರತ್ವ ಕಾಯ್ದೆಯ ಮೂರನೇ ಷೆಡ್ಯೂಲಿನ ಪ್ರಕಾರ, ದೇಶೀಕರಣದ ಮೂಲಕ ಭಾರತೀಯನಾಗಬಯಸುವ ವಿದೇಶಿಯನಿಗೆ ಸಂವಿಧಾನದ ಎಂಟನೇ ಷೆಡ್ಯೂಲಿನಲ್ಲಿರುವ ಒಂದು ಭಾಷೆ ತಕ್ಕಮಟ್ಟಿಗೆ ಬರಬೇಕು. ಆ ಪಟ್ಟಿಯಲ್ಲಿ ಕನ್ನಡ ಇದೆ. ಅಂದರೆ ಕನ್ನಡ ಬಲ್ಲ ವಿದೇಶಿಯನಿಗೆ ಭಾಷೆಯ ಷರತ್ತು ಕನ್ನಡದಿಂದಲೇ ಪೂರೈಸುತ್ತದೆ.

ಅಳಿಯ ಓದುವ ಚರಿತ್ರೆ

ರೈಲು ತುನಿ ದಾಟುವಷ್ಟರಲ್ಲಿ ನಾನು ಎಂಟನೇ ಹೆನ್ರಿಯ ಆರು ಹೆಂಡಿರ ತನಕ ಬಂದಿದ್ದೆ. ಅವರಲ್ಲಿ ಇಬ್ಬರ ತಲೆ ತೆಗೆಸಿದನಂತೆ. ಮೊದಲ ಮದುವೆ ರದ್ದುಮಾಡಲು ಪೋಪ್ ಒಪ್ಪದಿದ್ದಾಗ ಅರಸ ರೋಮಿನ ಸಂಬಂಧ ಕಡಿದುಕೊಂಡು, ತಾನೇ ಇಂಗ್ಲೆಂಡಿನ ಚರ್ಚಿಗೆ ಯಜಮಾನನಾದ. ಇವತ್ತಿಗೂ ಅಲ್ಲಿನ ಅರಸರೇ ಆ ಚರ್ಚಿನ ಮುಖ್ಯಸ್ಥರು.

ಅದಕ್ಕೂ ಹಿಂದಿನದು 1066ರ ಹೇಸ್ಟಿಂಗ್ಸ್ ಯುದ್ಧ. ನಾರ್ಮಂಡಿಯ ವಿಲಿಯಂ ಗೆದ್ದು ಬಂದ. ಹೊರಗಿನ ಸೈನ್ಯ ಇಂಗ್ಲೆಂಡನ್ನು ಗೆದ್ದದ್ದು ಅದೇ ಕೊನೆ. 1215ರಲ್ಲಿ ಜಾನ್ ದೊರೆಯಿಂದ ಪಾಳೆಯಗಾರರು ಮ್ಯಾಗ್ನಾ ಕಾರ್ಟಾ ಎಂಬ ಸನ್ನದು ಬರೆಸಿಕೊಂಡರು. ಅರಸನೂ ಕಾನೂನಿಗೆ ಒಳಪಟ್ಟವನು ಎಂಬ ತತ್ತ್ವಕ್ಕೆ ಅವರು ಇದನ್ನೇ ಬುನಾದಿ ಎನ್ನುತ್ತಾರೆ. ಮುಂದೆ 1642ರಲ್ಲಿ ಅರಸನಿಗೂ ಪಾರ್ಲಿಮೆಂಟಿಗೂ ಯುದ್ಧವೇ ನಡೆದು, 1649ರಲ್ಲಿ ಮೊದಲನೇ ಚಾರ್ಲ್ಸ್‌ನಿಗೆ ಮರಣದಂಡನೆಯಾಯಿತು. ಹನ್ನೊಂದು ವರ್ಷ ಅರಸನೇ ಇರಲಿಲ್ಲ. 1660ರಲ್ಲಿ ಅರಸೊತ್ತಿಗೆ ಮರಳಿ ಬಂತು. 1689ರ ಹಕ್ಕುಗಳ ಮಸೂದೆ ಪಾರ್ಲಿಮೆಂಟಿನ ಅಧಿಕಾರವನ್ನು ಗಟ್ಟಿ ಮಾಡಿತು. 1707ರಲ್ಲಿ ಸ್ಕಾಟ್ಲೆಂಡ್ ಸೇರಿ ಗ್ರೇಟ್ ಬ್ರಿಟನ್ ಆಯಿತು. 1721ರಿಂದ ಅಧಿಕಾರದಲ್ಲಿದ್ದ ರಾಬರ್ಟ್ ವಾಲ್ಪೋಲ್‌ನನ್ನು ಮೊದಲ ಪ್ರಧಾನಿ ಎಂದು ಎಣಿಸುತ್ತಾರೆ.

ಮತದಾನದ ಹಕ್ಕಿನ ಕಥೆ ಉದ್ದದ್ದು. 1832ರಿಂದ ಹಂತಹಂತವಾಗಿ ಗಂಡಸರಿಗೆ ಬಂತು. ಹೆಂಗಸರು ಬೀದಿಗಿಳಿದು, ಜೈಲಿಗೆ ಹೋಗಿ ಹೋರಾಡಿದ ಮೇಲೆ 1918ರಲ್ಲಿ ಮೂವತ್ತು ದಾಟಿದ ಕೆಲವರಿಗೆ ಸಿಕ್ಕಿತು. ಗಂಡಸರಿಗೆ ಸಮನಾಗಿ ಸಿಕ್ಕಿದ್ದು 1928ರಲ್ಲಿ. ನಾವು 1951-52ರ ಮೊದಲ ಮಹಾಚುನಾವಣೆಯಲ್ಲೇ ಅಕ್ಷರ ಬರಲಿ ಬಿಡಲಿ, ಆಸ್ತಿ ಇರಲಿ ಬಿಡಲಿ, ಗಂಡು ಹೆಣ್ಣು ಎಲ್ಲರಿಗೂ ಒಂದೇ ಬಾರಿಗೆ ಮತ ಕೊಟ್ಟೆವು ಎಂಬುದನ್ನು ನಮ್ಮ ಮಕ್ಕಳು ಆ ಪಾಠದ ಪಕ್ಕದಲ್ಲಿ ಬರೆದಿಟ್ಟುಕೊಳ್ಳಬೇಕು.

ಹೋಟೆಲಿನವರಿಗೆ ಇಷ್ಟವಾಗುವ ಸಂಗತಿಯೂ ಆ ಕೈಪಿಡಿಯಲ್ಲಿದೆ. ಲಂಡನ್ನಿನಲ್ಲಿ ಮೊದಲ ಭಾರತೀಯ ಊಟದ ಮನೆ ತೆರೆದವನು ಶೇಖ್ ದೀನ್ ಮಹಮ್ಮದ್, 1810ರಲ್ಲಿ. ಹೆಸರು 'ಹಿಂದೂಸ್ತಾನಿ ಕಾಫಿ ಹೌಸ್'. ತಲೆ ತಿಕ್ಕುವ ನಮ್ಮ 'ಚಂಪಿ'ಯನ್ನು 'ಶಾಂಪೂ' ಎಂಬ ಹೆಸರಿನಲ್ಲಿ ಅಲ್ಲಿ ಬಳಕೆಗೆ ತಂದವನೂ ಅವನೇ. ಬೆಜವಾಡದಲ್ಲಿ ಮೂವತ್ತು ವರ್ಷ ಟಿಫಿನ್ ಹೋಟೆಲು ನಡೆಸಿದ ನಮ್ಮ ಭಾವ ಇದನ್ನು ಕೇಳಿ, "ಹೋಟೆಲು ನಡೀತಾ?" ಎಂದರು. ಇಲ್ಲ, ಎರಡೇ ವರ್ಷದಲ್ಲಿ ದಿವಾಳಿಯಾಯಿತು ಎಂದೆ. "ಬಾಡಿಗೆ ಜಾಸ್ತಿ ಇದ್ದಿರಬೇಕು" ಎಂದರು.

ಸರ್ಕಾರ, ಹಬ್ಬ, ನಡವಳಿಕೆ

ಸರ್ಕಾರದ ಪಾಠ ನಮ್ಮ ಮಕ್ಕಳಿಗೆ ಕಷ್ಟವಾಗುವುದಿಲ್ಲ. ಕೆಳಮನೆ, ಮೇಲ್ಮನೆ, ಸ್ಪೀಕರು, ಪ್ರಶ್ನೋತ್ತರ ವೇಳೆ, ವಿರೋಧ ಪಕ್ಷದ ನಾಯಕ, ಇವೆಲ್ಲವನ್ನೂ ನಾವು ಅಲ್ಲಿಂದಲೇ ತಂದವರು. ವ್ಯತ್ಯಾಸಗಳನ್ನಷ್ಟೇ ನೆನಪಿಟ್ಟರೆ ಸಾಕು. ಅಲ್ಲಿ ಒಂದೇ ಪುಸ್ತಕವಾಗಿ ಬರೆದ ಸಂವಿಧಾನ ಇಲ್ಲ. ರಾಷ್ಟ್ರಪತಿಯ ಸ್ಥಾನದಲ್ಲಿ ಅರಸರಿದ್ದಾರೆ. 2022ರ ಸೆಪ್ಟೆಂಬರ್‌ನಿಂದ ಮೂರನೇ ಚಾರ್ಲ್ಸ್. ಕೆಳಮನೆಗೆ 650 ಸದಸ್ಯರು. ಮೇಲ್ಮನೆಯ ಲಾರ್ಡ್‌ಗಳನ್ನು ಜನ ಚುನಾಯಿಸುವುದಿಲ್ಲ. ಸ್ಕಾಟ್ಲೆಂಡ್, ವೇಲ್ಸ್, ಉತ್ತರ ಐರ್ಲೆಂಡ್‌ಗಳಿಗೆ ತಮ್ಮದೇ ಶಾಸನಸಭೆಗಳಿವೆ. ಗಂಭೀರ ಅಪರಾಧದ ವಿಚಾರಣೆಯಲ್ಲಿ ಸಾಮಾನ್ಯ ಜನರೇ ಜ್ಯೂರಿಯಾಗಿ ಕೂರುತ್ತಾರೆ. ನಮ್ಮಲ್ಲಿ ಆ ಪದ್ಧತಿ ನಿಂತು ಬಹಳ ಕಾಲವಾಯಿತು.

ನಾಲ್ಕು ನಾಡುಗಳಿಗೆ ನಾಲ್ವರು ಸಂತರು, ನಾಲ್ಕು ದಿನಗಳು: ವೇಲ್ಸ್‌ಗೆ ಮಾರ್ಚ್ 1, ಉತ್ತರ ಐರ್ಲೆಂಡಿಗೆ ಮಾರ್ಚ್ 17, ಇಂಗ್ಲೆಂಡಿಗೆ ಏಪ್ರಿಲ್ 23, ಸ್ಕಾಟ್ಲೆಂಡಿಗೆ ನವೆಂಬರ್ 30. ನವೆಂಬರ್ 5ರ ರಾತ್ರಿ ಬೆಂಕಿ ಹಾಕಿ ಪಟಾಕಿ ಹೊಡೆಯುತ್ತಾರೆ. 1605ರಲ್ಲಿ ಪಾರ್ಲಿಮೆಂಟನ್ನು ಮದ್ದಿಟ್ಟು ಹಾರಿಸುವ ಸಂಚು ಬಯಲಾದುದರ ನೆನಪು ಅದು. ದೀಪಾವಳಿಯೂ ಆಸುಪಾಸಿನಲ್ಲೇ ಬರುವುದರಿಂದ ಅಲ್ಲಿನ ಮೊಮ್ಮಕ್ಕಳಿಗೆ ಎರಡು ಪಟಾಕಿ ಹಬ್ಬ. ನವೆಂಬರ್ 11ರಂದು ಯುದ್ಧದಲ್ಲಿ ಮಡಿದವರನ್ನು ನೆನೆದು ಎರಡು ನಿಮಿಷ ಮೌನ. ಆ ದಿನಗಳಲ್ಲಿ ಜನ ಎದೆಯ ಮೇಲೆ ಕೆಂಪು ಗಸಗಸೆ ಹೂವಿನ ಗುರುತು ಧರಿಸುತ್ತಾರೆ. ಆ ಎರಡು ಮಹಾಯುದ್ಧಗಳಲ್ಲಿ ನಮ್ಮ ದೇಶದ ಲಕ್ಷಾಂತರ ಸಿಪಾಯಿಗಳೂ ಹೋರಾಡಿದ್ದರು ಎಂಬುದನ್ನು ಮರೆಯಬಾರದು.

ನಮ್ಮ ಕಡೆಯ ಪುಟ

ಗೋದಾವರಿ ಸೇತುವೆ ಬಂದಾಗ ಟಿಪ್ಪಣಿ ಮಡಿಚಿಟ್ಟು ಕಿಟಕಿಯಿಂದ ನೋಡಿದೆ. ಇಲ್ಲೇ ಕೆಳಗೆ ಧವಳೇಶ್ವರದಲ್ಲಿ ಆರ್ಥರ್ ಕಾಟನ್ ಕಟ್ಟಿಸಿದ ಆಣೆಕಟ್ಟು 1852ರಲ್ಲಿ ಮುಗಿಯಿತು. ಬೆಜವಾಡದ ಕೃಷ್ಣಾ ಆಣೆಕಟ್ಟು 1855ರಲ್ಲಿ ಮುಗಿಯಿತು. ಗೋದಾವರಿ ಜಿಲ್ಲೆಗಳ ರೈತರು ಇವತ್ತಿಗೂ ಕಾಟನ್ ದೊರೆಯ ವಿಗ್ರಹಕ್ಕೆ ಹಾರ ಹಾಕುತ್ತಾರೆ. ಅದೇ ಗೋದಾವರಿಯ ಮೇಲಿನ ಕಾಡುಗಳಲ್ಲಿ, ವಿಶಾಖ ಏಜೆನ್ಸಿಯ ಬೆಟ್ಟಗಳಲ್ಲಿ, 1922ರಿಂದ ಗಿರಿಜನರನ್ನು ಕಟ್ಟಿಕೊಂಡು ಹೋರಾಡಿದ ಅಲ್ಲೂರಿ ಸೀತಾರಾಮರಾಜು ಅವರನ್ನು 1924ರ ಮೇ 7ರಂದು ಗುಂಡಿಟ್ಟು ಕೊಂದದ್ದೂ ಅದೇ ಸರ್ಕಾರ. ಈ ಎರಡನ್ನೂ ಒಟ್ಟಿಗೆ ಹೇಳಿದರೆ ಮಾತ್ರ ಇದು ಬ್ರಿಟಿಷ್ ಚರಿತ್ರೆಯಾಗುತ್ತದೆ.

ಈ ದೂರು ನಮ್ಮದೊಂದೇ ಅಲ್ಲ. 2020ರ ಜುಲೈನಲ್ಲಿ ಬ್ರಿಟನ್ನಿನದೇ ನೂರಕ್ಕೂ ಹೆಚ್ಚು ಇತಿಹಾಸಕಾರರು ಬಹಿರಂಗ ಪತ್ರ ಬರೆದು, ಈ ಕೈಪಿಡಿ ಗುಲಾಮಗಿರಿಯ ಬಗ್ಗೆ, ಸಾಮ್ರಾಜ್ಯದ ಬಗ್ಗೆ ತಪ್ಪು ಚಿತ್ರ ಕೊಡುತ್ತದೆ, ಅದನ್ನು ತಿದ್ದಬೇಕು ಎಂದು ಒತ್ತಾಯಿಸಿದರು. ವಸಾಹತುಗಳಿಗೆ ಸ್ವಾತಂತ್ರ್ಯ ಬಹುಮಟ್ಟಿಗೆ ಕ್ರಮಬದ್ಧವಾಗಿ ಕೊಡಲ್ಪಟ್ಟಿತು ಎಂಬ ಅರ್ಥದ ಮಾತಿಗೂ ಅವರ ಆಕ್ಷೇಪವಿತ್ತು. 1947ರ ಪಂಜಾಬು ಬಂಗಾಳಗಳನ್ನು ಬಲ್ಲವರು ಯಾರೂ ಆ ಮಾತನ್ನು ಒಪ್ಪುವುದಿಲ್ಲ.

ನಮ್ಮ ವಿಶಾಖಪಟ್ಟಣದಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಕೋಠಿ ಹದಿನೇಳನೇ ಶತಮಾನದಲ್ಲೇ ಇತ್ತು. ಲಂಡನ್ನಿನಲ್ಲಿ ಹಕ್ಕುಗಳ ಮಸೂದೆ ಆದ 1689ರಲ್ಲೇ ಆ ಕೋಠಿಯನ್ನು ಔರಂಗಜೇಬನ ಕಡೆಯವರು ವಶಪಡಿಸಿಕೊಂಡಿದ್ದರು. 1758ರಲ್ಲಿ ಕರ್ನಲ್ ಫೋರ್ಡ್ ಚಂದುರ್ತಿಯಲ್ಲಿ ಫ್ರೆಂಚರನ್ನು ಸೋಲಿಸಿದ. 1765ರಲ್ಲಿ ಮೊಘಲ್ ಬಾದಶಹನಿಂದ ಉತ್ತರ ಸರ್ಕಾರುಗಳ ಸನ್ನದು ಕಂಪನಿಗೆ ಸಿಕ್ಕಿತು. ಮರುವರ್ಷ ಬೆಜವಾಡದ ಪಕ್ಕದ ಕೊಂಡಪಲ್ಲಿ ಕೋಟೆಯೂ ಅವರ ಕೈ ಸೇರಿತು. ಅದೇ ಕೊಂಡಪಲ್ಲಿಯನ್ನು ಇನ್ನೂರೈವತ್ತು ವರ್ಷ ಮೊದಲು ಮುತ್ತಿ ಗೆದ್ದು, 1516ರಲ್ಲಿ ಸಿಂಹಾಚಲದ ಸ್ವಾಮಿಗೆ ಕಾಣಿಕೆ ಒಪ್ಪಿಸಿದವನು ನಮ್ಮ ಹಂಪಿಯ ಶ್ರೀಕೃಷ್ಣದೇವರಾಯ. ಇವತ್ತು ಸಿಂಹಾಚಲಕ್ಕೆ ಹೋಗುವ ಕನ್ನಡಿಗರು ಅವನ ಶಾಸನಗಳನ್ನು ನೋಡಿ ಬರಬಹುದು.

ತಾತ ಯಾವ ದೇಶದ ಪ್ರಜೆ?

ನಮ್ಮದು ಬಳ್ಳಾರಿ ಜಿಲ್ಲೆ. 1800ರಲ್ಲಿ ನಿಜಾಮನು ಕಂಪನಿಗೆ ಬಿಟ್ಟುಕೊಟ್ಟ ಸೀಮೆ. ಥಾಮಸ್ ಮನ್ರೋ ಅಲ್ಲಿನ ಮೊದಲ ಪ್ರಿನ್ಸಿಪಲ್ ಕಲೆಕ್ಟರ್. 1953ರ ಅಕ್ಟೋಬರ್ 1ರವರೆಗೂ ಬಳ್ಳಾರಿ ಮದರಾಸಿಗೆ ಸೇರಿತ್ತು, ವಿಶಾಖಪಟ್ಟಣ ಬೆಜವಾಡಗಳಂತೆಯೇ. ಆದ್ದರಿಂದ 1947ಕ್ಕೆ ಮೊದಲು ಬಳ್ಳಾರಿಯಲ್ಲಿ ಹುಟ್ಟಿದ ನಮ್ಮ ತಾತ ಕಾನೂನಿನ ಪ್ರಕಾರ 'ಬ್ರಿಟಿಷ್ ಪ್ರಜೆ'. ಮಂಗಳೂರು, ಧಾರವಾಡ, ಬೆಳಗಾವಿಗಳಲ್ಲಿ ಹುಟ್ಟಿದವರದೂ ಅಷ್ಟೇ. ಮೈಸೂರು ಸಂಸ್ಥಾನದವರು, ನಿಜಾಮನ ಸೀಮೆಯ ರಾಯಚೂರು, ಕಲಬುರಗಿಯವರು ಮಾತ್ರ 'ಬ್ರಿಟಿಷ್ ರಕ್ಷಿತರು'. ಹೀಗೆ ಕನ್ನಡಿಗರಲ್ಲೇ ಎರಡು ಬಗೆ.

ಅಂದರೆ ಏನಾಯಿತು? ತಾತ ಯಾವ ಪರೀಕ್ಷೆಯನ್ನೂ ಬರೆಯದೆ, ಇಷ್ಟವೋ ಕಷ್ಟವೋ ಯಾರೂ ಕೇಳದೆ, ಬ್ರಿಟಿಷ್ ಪ್ರಜೆಯಾಗಿದ್ದರು. ಅದರಿಂದ ಬಿಡಿಸಿಕೊಳ್ಳಲು ಅವರ ತಲೆಮಾರು ಜೈಲು ಕಂಡಿತು. ಮೊಮ್ಮಗ 50 ಪೌಂಡು ಕಟ್ಟಿ, ಇಸವಿಗಳನ್ನು ಉರುಹೊಡೆದು, ತಾನೇ ಕೇಳಿ ಆಗಲು ಹೊರಟಿದ್ದಾನೆ. ಇದನ್ನು ಅಕ್ಕನಿಗೆ ಹೇಳಿದಾಗ ಭಾವ ನಕ್ಕರು, ಅಕ್ಕ ನಗಲಿಲ್ಲ. ಆದರೆ ಎರಡಕ್ಕೂ ವ್ಯತ್ಯಾಸವಿದೆ. ತಾತ ಆಳಿಸಿಕೊಂಡ ಪ್ರಜೆ. ಮೊಮ್ಮಗ ಆಗಹೊರಟಿರುವುದು ಮತ ಹಾಕಿ ಆಳುವವರನ್ನು ಆರಿಸುವ ಪೌರ.

ಅಸಲು ಪ್ರಶ್ನೆ: ಪಾಸ್‌ಪೋರ್ಟು

ಈಗ ಅಕ್ಕ ಕೇಳಿದ ವಿಷಯಕ್ಕೆ ಬರೋಣ. ಬ್ರಿಟನ್ ಎರಡು ಪೌರತ್ವವನ್ನು ಒಪ್ಪುತ್ತದೆ, ಭಾರತ ಒಪ್ಪುವುದಿಲ್ಲ. ಸಂವಿಧಾನದ 9ನೇ ವಿಧಿ, 1955ರ ಪೌರತ್ವ ಕಾಯ್ದೆಯ 9ನೇ ಸೆಕ್ಷನ್ ಇದನ್ನು ಸ್ಪಷ್ಟವಾಗಿ ಹೇಳುತ್ತವೆ. ಸ್ವಂತ ಇಚ್ಛೆಯಿಂದ ಬೇರೆ ದೇಶದ ಪೌರತ್ವ ಪಡೆದ ದಿನವೇ ಭಾರತೀಯ ಪೌರತ್ವ ಹೋಗುತ್ತದೆ. ಆಮೇಲೆ ಹಳೆಯ ಪಾಸ್‌ಪೋರ್ಟಿನಲ್ಲಿ ಓಡಾಡುವುದು ಅಪರಾಧ. ಅದನ್ನು ಒಪ್ಪಿಸಿ ಸರೆಂಡರ್ ಸರ್ಟಿಫಿಕೇಟ್ ಪಡೆಯಬೇಕು.

ಇದಕ್ಕೆ ಪ್ರಸಿದ್ಧ ಉದಾಹರಣೆ ನಮ್ಮ ಹುಬ್ಬಳ್ಳಿಯಲ್ಲಿ ಹುಟ್ಟಿದ ಅಕ್ಷತಾ ಮೂರ್ತಿ. ಪತಿ ರಿಷಿ ಸುನಕ್ ಬ್ರಿಟನ್ನಿನ ಹಣಕಾಸು ಸಚಿವರಾಗಿದ್ದ 2022ರ ಏಪ್ರಿಲ್‌ನಲ್ಲಿ ಆಕೆಯ ತೆರಿಗೆಯ ವಿಷಯ ಅಲ್ಲಿ ದೊಡ್ಡ ಸುದ್ದಿಯಾಯಿತು. ಆಗ ಆಕೆಯ ಪರವಾಗಿ ಬಂದ ಹೇಳಿಕೆಯಲ್ಲಿ, ಆಕೆ ಭಾರತದ ಪೌರಳು, ಭಾರತ ಇಬ್ಬಗೆ ಪೌರತ್ವಕ್ಕೆ ಅವಕಾಶ ಕೊಡುವುದಿಲ್ಲ ಎಂದಿತ್ತು. ಅದೇ ವರ್ಷ ಅಕ್ಟೋಬರ್ 25ರಂದು ಸುನಕ್ ಪ್ರಧಾನಿಯಾದರು. ಇನ್ನೊಂದು ಕಡೆ, ಕಲಬುರಗಿ ಸೀಮೆಯ ಡಾ. ನೀರಜ್ ಪಾಟೀಲ್ ಲಂಡನ್ನಿನ ಲ್ಯಾಂಬೆತ್ ಬರೋದ ಮೇಯರ್ ಆದರು. ಆ ಲ್ಯಾಂಬೆತ್‌ನ ಥೇಮ್ಸ್ ದಂಡೆಯಲ್ಲೇ 2015ರ ನವೆಂಬರ್ 14ರಂದು ಬಸವೇಶ್ವರರ ಪ್ರತಿಮೆ ಅನಾವರಣಗೊಂಡಿತು. ನಮ್ಮವರು ಎರಡೂ ದಾರಿಗಳಲ್ಲಿ ನಡೆದಿದ್ದಾರೆ, ಎರಡರಲ್ಲೂ ಮರ್ಯಾದೆಯಿಂದಲೇ ಇದ್ದಾರೆ.

ಭಾರತೀಯ ಪಾಸ್‌ಪೋರ್ಟು ಕೊಟ್ಟವರಿಗೆ ಓ.ಸಿ.ಐ. ಕಾರ್ಡು ಇದೆ. ಈ ಯೋಜನೆಗೆ ಚಾಲನೆ ಸಿಕ್ಕಿದ್ದು 2006ರ ಜನವರಿಯಲ್ಲಿ ಹೈದರಾಬಾದಿನಲ್ಲಿ ನಡೆದ ಪ್ರವಾಸಿ ಭಾರತೀಯ ದಿವಸದಲ್ಲಿ. ಹಿಂದೆ ಇದ್ದ ಪಿ.ಐ.ಓ. ಕಾರ್ಡು 2015ರಲ್ಲಿ ಇದರಲ್ಲೇ ಸೇರಿಹೋಯಿತು. ಓ.ಸಿ.ಐ. ಇದ್ದವರು ವೀಸಾ ಇಲ್ಲದೆ ಎಷ್ಟು ಬಾರಿಯಾದರೂ ಬಂದು ಹೋಗಬಹುದು, ಎಷ್ಟು ದಿನವಾದರೂ ಇರಬಹುದು. ಮನೆ, ಫ್ಲ್ಯಾಟು ಕೊಳ್ಳಬಹುದು. ಆದರೆ ಮತ ಹಾಕುವಂತಿಲ್ಲ, ಚುನಾವಣೆಗೆ ನಿಲ್ಲುವಂತಿಲ್ಲ. ಕೃಷಿ ಜಮೀನು, ತೋಟ ಕೊಳ್ಳುವಂತಿಲ್ಲ. 2021ರ ಅಧಿಸೂಚನೆಯ ಪ್ರಕಾರ ಇವರ ಮಕ್ಕಳು ಇಲ್ಲಿ ನೀಟ್ ಮುಂತಾದ ಪ್ರವೇಶ ಪರೀಕ್ಷೆ ಬರೆದರೆ ಅನಿವಾಸಿ ಭಾರತೀಯರ ಸೀಟುಗಳಿಗೆ ಮಾತ್ರ ಅರ್ಹರು.

ಅಕ್ಕನ ಒಳಗಿನ ಭಯ ಇಲ್ಲೇ ಇತ್ತು. ಸಿರುಗುಪ್ಪದ ಕಡೆ ನಾಲ್ಕು ಎಕರೆ ಗದ್ದೆ ಇದೆ. "ಅದು ಹೋಗಿಬಿಡ್ತದಾ?" ಎಂದಳು. ಹೋಗುವುದಿಲ್ಲ. ಓ.ಸಿ.ಐ. ಕಾರ್ಡಿನವರು ಕೃಷಿ ಜಮೀನನ್ನು ಕ್ರಯಕ್ಕೆ ಪಡೆಯುವಂತಿಲ್ಲ, ದಾನವಾಗಿ ಪಡೆಯುವಂತಿಲ್ಲ. ಆದರೆ ವಾರಸುದಾರಿಕೆಯಿಂದ ಬಂದರೆ ಪಡೆಯಬಹುದು. ಆದ್ದರಿಂದ ಹಿರಿಯರು ಅವಸರಪಟ್ಟು ದಾನಪತ್ರ ಮಾಡಿಸುವ ಮೊದಲು ಒಬ್ಬ ಬಲ್ಲ ವಕೀಲರನ್ನು ಕೇಳುವುದು ಒಳ್ಳೆಯದು.

ಹಿಂದಿರುಗುವ ಬಾಗಿಲೂ ಪೂರ್ತಿ ಮುಚ್ಚಿಲ್ಲ. ಐದು ವರ್ಷ ಓ.ಸಿ.ಐ. ಆಗಿದ್ದು, ಅರ್ಜಿಗೆ ಮೊದಲು ಹನ್ನೆರಡು ತಿಂಗಳು ಭಾರತದಲ್ಲಿ ವಾಸವಾಗಿದ್ದವರು ಮತ್ತೆ ಭಾರತದ ಪೌರರಾಗಿ ನೋಂದಾಯಿಸಿಕೊಳ್ಳಲು ಕಾಯ್ದೆಯಲ್ಲಿ ಅವಕಾಶವಿದೆ. ಆಗ ಬ್ರಿಟಿಷ್ ಪೌರತ್ವ ಬಿಡಬೇಕಾಗುತ್ತದೆ.

ಅನೇಕರಿಗೆ ತಿಳಿಯದ ಇನ್ನೊಂದು ವಿಷಯ: ಬ್ರಿಟನ್ನಿನಲ್ಲಿ ಕಾನೂನುಬದ್ಧವಾಗಿ ವಾಸಿಸುವ ಭಾರತೀಯರು ಬ್ರಿಟಿಷ್ ಪೌರರಾಗದೆಯೇ ಅಲ್ಲಿನ ಪಾರ್ಲಿಮೆಂಟ್ ಚುನಾವಣೆಯಲ್ಲಿ ಮತ ಹಾಕಬಹುದು. ಭಾರತ ಕಾಮನ್‌ವೆಲ್ತ್ ಸದಸ್ಯ ರಾಷ್ಟ್ರವಾಗಿರುವುದರಿಂದ ಈ ಹಕ್ಕು. ಮತದಾರರ ಪಟ್ಟಿಯಲ್ಲಿ ಹೆಸರು ಸೇರಿಸಬೇಕು, ಅಷ್ಟೆ. ಬರೀ ಮತಕ್ಕಾಗಿ ಪೌರತ್ವ ಬದಲಿಸುವ ಅಗತ್ಯ ಇಲ್ಲ.

ಅರ್ಜಿ ಹಾಕುವವರಿಗೆ

ಸಾಮಾನ್ಯವಾಗಿ ಐದು ವರ್ಷ ಅಲ್ಲಿ ವಾಸವಿರಬೇಕು, ಕಾಯಂ ನೆಲೆಯ ಅನುಮತಿ ಸಿಕ್ಕಿ ಹನ್ನೆರಡು ತಿಂಗಳಾಗಿರಬೇಕು. ಆ ಐದು ವರ್ಷಗಳಲ್ಲಿ ದೇಶದ ಹೊರಗಿದ್ದ ದಿನಗಳು 450ನ್ನು, ಕೊನೆಯ ವರ್ಷದಲ್ಲಿ 90ನ್ನು ಮೀರಬಾರದು. ತಂದೆತಾಯಿಯ ಕಾಯಿಲೆಗೆಂದು ತಿಂಗಳುಗಟ್ಟಲೆ ಬಂದು ಇದ್ದುಹೋಗುವ ಮಕ್ಕಳು ಈ ಲೆಕ್ಕವನ್ನು ಒಂದು ಪುಸ್ತಕದಲ್ಲಿ ಬರೆದಿಡಬೇಕು. ಇಬ್ಬರು ಪರಿಚಿತರ ಶಿಫಾರಸು ಬೇಕು. ಅರ್ಜಿಯ ಶುಲ್ಕ 1,500 ಪೌಂಡಿಗೂ ಹೆಚ್ಚು. ಅರ್ಜಿ ಒಪ್ಪಿಗೆಯಾದ ಮೇಲೆ ಸ್ಥಳೀಯ ಕೌನ್ಸಿಲ್ ನಡೆಸುವ ಸಮಾರಂಭದಲ್ಲಿ ಅರಸರಿಗೆ ನಿಷ್ಠೆಯ ಪ್ರಮಾಣ ಮಾಡಬೇಕು. ದೇವರ ಹೆಸರಿನಲ್ಲೂ ಮಾಡಬಹುದು, ದೇವರ ಹೆಸರಿಲ್ಲದೆಯೂ ಮಾಡಬಹುದು. ಇಂಥ ಮೊದಲ ಸಮಾರಂಭ ನಡೆದದ್ದು 2004ರ ಫೆಬ್ರುವರಿ 26ರಂದು ಲಂಡನ್ನಿನ ಬ್ರೆಂಟ್‌ನಲ್ಲಿ. ಅಂದು ಯುವರಾಜರಾಗಿದ್ದ ಚಾರ್ಲ್ಸ್ ಸ್ವತಃ ಹಾಜರಿದ್ದರು.

ನಿಯಮಗಳು ಮೇಲಿಂದ ಮೇಲೆ ಬದಲಾಗುತ್ತಿವೆ. ಕಾಯಂ ನೆಲೆಗೆ ಕಾಯಬೇಕಾದ ಅವಧಿಯನ್ನು ಸಾಮಾನ್ಯವಾಗಿ ಹತ್ತು ವರ್ಷಕ್ಕೆ ಏರಿಸುವ ಪ್ರಸ್ತಾವವನ್ನು ಅಲ್ಲಿನ ಸರ್ಕಾರ 2025ರ ಮೇ ತಿಂಗಳ ಶ್ವೇತಪತ್ರದಲ್ಲಿ ಮುಂದಿಟ್ಟಿತು. ಆದ್ದರಿಂದ ಗೆಳೆಯರ ಬಾಯಿಮಾತು ನಂಬದೆ, ಅರ್ಜಿ ಹಾಕುವ ದಿನ ಸರ್ಕಾರದ ಪ್ರಕಟಣೆಯನ್ನೇ ನೋಡಬೇಕು.

ನಮ್ಮದೂ ಇಪ್ಪತ್ತನಾಲ್ಕು ಇರಲಿ

ಅಳಿಯ ಪರೀಕ್ಷೆಯಲ್ಲಿ ಪಾಸಾದ. ಅರ್ಜಿಯನ್ನು ಇನ್ನೂ ಹಾಕಿಲ್ಲ. ಹೆಂಡತಿ ಮಕ್ಕಳೊಡನೆ ಬೇಸಿಗೆಗೆ ಬೆಜವಾಡಕ್ಕೆ ಬರುತ್ತಾನೆ. ಅಮ್ಮನ ಎದುರು ಕುಳಿತು ಮಾತಾಡಿದ ಮೇಲೆಯೇ ತೀರ್ಮಾನ ಎಂದಿದ್ದಾನೆ. ಅಕ್ಕನಿಗೆ ಅಷ್ಟೇ ಬೇಕಾಗಿತ್ತು. "ಕೇಳಿ ಹಾಕ್ತೀನಿ ಅಂದ್ನಲ್ಲ, ಸಾಕು. ಹಾಕ್ಲಿ ಬಿಡು" ಎಂದಳು.

ನಾನು ಹೊರಡುವಾಗ ಅವಳೊಂದು ಮಾತು ಹೇಳಿದಳು. "ಆ ದೇಶದೋರು ಇಷ್ಟು ಪ್ರಶ್ನೆ ಕೇಳಿ ಕಲಿಸ್ತಾರೆ. ನಾವು ನಮ್ಮ ಮಕ್ಕಳಿಗೆ ಒಂದಾದ್ರೂ ಕೇಳಿದೀವಾ?" ಇದನ್ನು ನಾನು ಸಂಘದ ಮುಂದೆ ಇಡುತ್ತಿದ್ದೇನೆ. ಮುಂದಿನ ರಾಜ್ಯೋತ್ಸವಕ್ಕೆ ಹಾಡು, ನೃತ್ಯ, ಊಟಗಳ ಜೊತೆಗೆ ಮಕ್ಕಳಿಗೊಂದು ಇಪ್ಪತ್ತನಾಲ್ಕು ಪ್ರಶ್ನೆಯ ಪತ್ರಿಕೆ ಮಾಡೋಣ. ನಿಮ್ಮ ಮನೆತನ ಯಾವ ಊರಿನಿಂದ, ಯಾವ ವರ್ಷ, ಯಾವ ಕೆಲಸಕ್ಕೆ ಆಂಧ್ರಕ್ಕೆ ಬಂತು? ಬೆಜವಾಡದ ಕೃಷ್ಣೆಗೆ ಕರ್ನಾಟಕದಲ್ಲಿ ಸೇರುವ ಎರಡು ಉಪನದಿಗಳ ಹೆಸರೇನು? ಆಂಧ್ರ ವಿಶ್ವವಿದ್ಯಾಲಯದ ಮೊದಲ ಕುಲಪತಿ ಸಿ. ಆರ್. ರೆಡ್ಡಿ ಅದಕ್ಕೆ ಮೊದಲು ಯಾವ ಸಂಸ್ಥಾನದ ಶಿಕ್ಷಣ ಇಲಾಖೆಯಲ್ಲಿದ್ದರು? ಸಿಂಹಾಚಲದಲ್ಲಿ ಯಾವ ಕನ್ನಡ ನಾಡಿನ ಅರಸನ ಶಾಸನವಿದೆ? ಹೀಗೆ. ಉತ್ತರಗಳನ್ನು ಹಿರಿಯರಿಂದ ಕೇಳಿ ಬರೆದುಕೊಂಡು ಬರಲಿ. ವಿದೇಶದಲ್ಲಿರುವ ಮೊಮ್ಮಕ್ಕಳು ಫೋನಿನಲ್ಲೇ ಕೇಳಿ ಬರೆಯಲಿ.

ಇದಕ್ಕೆ ಶುಲ್ಕವಿಲ್ಲ, ವಯಸ್ಸಿನ ಮಿತಿಯಿಲ್ಲ. ಯಾವ ದೇಶದ ಪಾಸ್‌ಪೋರ್ಟು ಇದ್ದರೂ ಸರಿ. ಪ್ರಶ್ನೆಗಳನ್ನು ಕಳಿಸಬಯಸುವ ಸದಸ್ಯರು ಮುಂದಿನ ಮಾಸಿಕ ಸಭೆಗೆ ಬರೆದು ತರಬೇಕಾಗಿ ವಿನಂತಿ. ಮೊದಲ ಪ್ರಶ್ನೆಯನ್ನು ಅಕ್ಕ ಆಗಲೇ ಬರೆದು ಕೊಟ್ಟಿದ್ದಾಳೆ: "ನಿಮ್ಮ ಅಜ್ಜಿಯ ಊರಿನ ಹೆಸರೇನು?"